ನಲವತ್ತೈದು ತುಂಬುವ ಮೊದಲು: ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ

ಬ್ರಿಟನ್ನಿನ ಕನ್ನಡಿಗರ ಮನೆಗಳಲ್ಲಿ ಆಸ್ಟ್ರೇಲಿಯಾದ ಮಾತು ಏಳುವುದು ಹೆಚ್ಚಾಗಿ ಡಿಸೆಂಬರ್, ಜನವರಿಯಲ್ಲಿ. ಮಧ್ಯಾಹ್ನ ನಾಲ್ಕಕ್ಕೆಲ್ಲ ಕತ್ತಲು. ಮಕ್ಕಳ ಮೂಗು ಸೋರುವುದು ನಿಂತಿಲ್ಲ. ಆಸ್ಪತ್ರೆಯ ಪಾಳಿ ಮುಗಿಸಿ ಬಂದವರು ಸೂರ್ಯನ ಮುಖ ಕಂಡು ವಾರವಾಗಿದೆ. ಅಷ್ಟರಲ್ಲಿ ಪರ್ತ್‌ನಲ್ಲಿರುವ ಗೆಳೆಯರಿಂದ ಕಡಲತೀರದ ಫೋಟೊ ಬರುತ್ತದೆ. ಈಚೆಗೆ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. 2025ರ ಮೇ ತಿಂಗಳಲ್ಲಿ ಬ್ರಿಟಿಷ್ ಸರ್ಕಾರ ಹೊರತಂದ ವಲಸೆ ಶ್ವೇತಪತ್ರ, ಐಎಲ್‌ಆರ್ ಎಂಬ ಖಾಯಂ ವಾಸದ ಹಕ್ಕು ಸಿಗಲು ಬೇಕಾದ ಐದು ವರ್ಷವನ್ನು ಹತ್ತಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಿತು. ನಾಲ್ಕು ವರ್ಷ ಕಾದು ಕೂತವರಿಗೆ ಅದು ಎದೆ ಕುಸಿಯುವ ಸುದ್ದಿ.

ಹೀಗೆ ಶುರುವಾದ ಮಾತು ಬಿಸಿಲು, ಸಂಬಳ, ದೊಡ್ಡ ಹಿತ್ತಿಲು ಅಂತ ಸುತ್ತುತ್ತದೆ. ಆದರೆ ಈ ಹಾದಿಯಲ್ಲಿ ಎಡವಿದವರ ಕಥೆ ಕೇಳಿ ನೋಡಿ, ಬಹುಪಾಲು ಜನ ಎಡವಿರುವುದು ತಾರೀಖಿನಲ್ಲಿ. ಮಾಡಬೇಕಾದ್ದನ್ನೆಲ್ಲ ಮಾಡಿರುತ್ತಾರೆ, ಮೊದಲು ಮಾಡಬೇಕಾದ್ದನ್ನು ಆಮೇಲೆ ಮಾಡಿರುತ್ತಾರೆ. ಅದಕ್ಕೇ ಈ ಬರಹದಲ್ಲಿ ಯಾವುದು ಯಾವುದಕ್ಕಿಂತ ಮೊದಲು ಎಂಬುದನ್ನೇ ಹಿಡಿದು ಹೋಗುತ್ತೇನೆ.

ವಯಸ್ಸಿನಿಂದಲೇ ಶುರುಮಾಡಬೇಕು. ಆಸ್ಟ್ರೇಲಿಯಾದ ಅಂಕ ಆಧಾರಿತ ವೀಸಾಗಳು ಮೂರು: ಯಾರ ಹಂಗೂ ಇಲ್ಲದ 189, ಒಂದು ರಾಜ್ಯ ಶಿಫಾರಸು ಮಾಡುವ 190, ದೊಡ್ಡ ನಗರಗಳ ಆಚೆಗಿನ 491. ಈ ಮೂರಕ್ಕೂ, ಅರ್ಜಿ ಹಾಕಿ ಎಂದು ಸರ್ಕಾರದ ಆಹ್ವಾನ ಬರುವ ದಿನ ಅರ್ಜಿದಾರರಿಗೆ 45 ತುಂಬಿರಬಾರದು. 25ರಿಂದ 32ರವರೆಗೆ 30 ಅಂಕ, 33ರಿಂದ 39ರವರೆಗೆ 25, 40ರಿಂದ 44ರವರೆಗೆ ಬರೀ 15. ನಲವತ್ತನೇ ಹುಟ್ಟುಹಬ್ಬದ ಬೆಳಗ್ಗೆ ಹತ್ತು ಅಂಕ ಹೋಯಿತು ಅಂತಲೇ ಲೆಕ್ಕ. ನೀವೇನೂ ತಿದ್ದಬೇಕಿಲ್ಲ, ಸ್ಕಿಲ್‌ಸೆಲೆಕ್ಟ್ ಎಂಬ ಸರ್ಕಾರಿ ವ್ಯವಸ್ಥೆ ತಾನೇ ಇಳಿಸುತ್ತದೆ. ಒಂದು ಉದಾಹರಣೆ: 39 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್. ವಯಸ್ಸಿಗೆ 25, ಪದವಿಗೆ 15, ಎಂಟು ವರ್ಷದ ಹೊರದೇಶದ ಅನುಭವಕ್ಕೆ 15, ಇಂಗ್ಲಿಷ್‌ನ ಅತ್ಯುನ್ನತ ಮಟ್ಟಕ್ಕೆ 20, ಗಂಡ ಅಥವಾ ಹೆಂಡತಿಯ ಕೌಶಲಕ್ಕೆ 10, ಒಟ್ಟು 85. ನಲವತ್ತು ತುಂಬಿದ ಮಾರನೇ ದಿನ 75. ಕನಿಷ್ಠ 65 ಇದ್ದರೆ ಸಾಲಿನಲ್ಲಿ ನಿಲ್ಲಬಹುದು, ಅಷ್ಟೇ. ಐಟಿಯಂಥ ತುಂಬಿ ತುಳುಕುವ ಕ್ಷೇತ್ರದಲ್ಲಿ 65 ಹಿಡಿದು ಕಾಯುವುದರಲ್ಲಿ ಅರ್ಥವಿಲ್ಲ, ದಾದಿಯರು ಮತ್ತು ಶಿಕ್ಷಕರ ಮಟ್ಟಿಗೆ ಪರಿಸ್ಥಿತಿ ಎಷ್ಟೋ ವಾಸಿ. ರಾಜ್ಯದ ಶಿಫಾರಸು ಸಿಕ್ಕರೆ 190ರಲ್ಲಿ 5 ಅಂಕ, 491ರಲ್ಲಿ 15 ಅಂಕ ಮೇಲೆ ಬರುತ್ತದೆ. 491 ಅಂದರೆ ಎಲ್ಲೋ ಮರುಭೂಮಿ ಅಂದುಕೊಳ್ಳುವವರು ಬಹಳ. ಸಿಡ್ನಿ, ಮೆಲ್ಬರ್ನ್, ಬ್ರಿಸ್ಬೇನ್ ಬಿಟ್ಟರೆ ಪರ್ತ್, ಅಡಿಲೇಡ್, ಕ್ಯಾನ್‌ಬೆರಾ ಕೂಡ ಈ ವೀಸಾದ ಲೆಕ್ಕದಲ್ಲಿ ಪ್ರಾದೇಶಿಕ ಊರುಗಳೇ.

ಹಾಗಾಗಿ ಹುಟ್ಟುಹಬ್ಬದಿಂದ ಹಿಂದಕ್ಕೆ ಎಣಿಸಬೇಕು. ಆಹ್ವಾನಕ್ಕೆ ಮುಂಚೆ ಸ್ಕಿಲ್‌ಸೆಲೆಕ್ಟ್‌ನಲ್ಲಿ ಹಾಕುವ ಆಸಕ್ತಿ ಪತ್ರ, ಅದಕ್ಕೂ ಮುಂಚೆ ಕೌಶಲ ಮೌಲ್ಯಮಾಪನ ಮತ್ತು ಇಂಗ್ಲಿಷ್ ಪರೀಕ್ಷೆ. ಈ ಎರಡನ್ನೂ ಕೈಯಲ್ಲಿಟ್ಟುಕೊಳ್ಳದೆ ಆಸಕ್ತಿ ಪತ್ರ ಹಾಕಿದರೆ, ಆಹ್ವಾನ ಬಂದ ಮೇಲೆ ಸಿಗುವ 60 ದಿನದಲ್ಲಿ ಏನೂ ಮಾಡಲಾಗುವುದಿಲ್ಲ.

ಐಟಿಯವರ ಮೌಲ್ಯಮಾಪನ ಮಾಡುವುದು ಆಸ್ಟ್ರೇಲಿಯನ್ ಕಂಪ್ಯೂಟರ್ ಸೊಸೈಟಿ. ಅವರು ಅನುಭವದ ಮೊದಲ ಕೆಲವು ವರ್ಷಗಳನ್ನು ಕಲಿಕೆಯ ಅವಧಿ ಎಂದು ತೆಗೆದುಹಾಕುತ್ತಾರೆ. ಪದವಿ ಕೆಲಸಕ್ಕೆ ಹತ್ತಿರವಿದ್ದರೆ ಎರಡು ವರ್ಷ, ದೂರವಿದ್ದರೆ ಇನ್ನೂ ಹೆಚ್ಚು. ಐದು ವರ್ಷಕ್ಕೆ 10 ಅಂಕ ಅಂತ ಲೆಕ್ಕ ಹಾಕಿಕೊಂಡವರಿಗೆ ಕೈಗೆ ಸಿಗುವುದು ಮೂರು ವರ್ಷದ 5 ಅಂಕ. ಮೆಕ್ಯಾನಿಕಲ್ ಓದಿ ಕೋಡ್ ಬರೆಯುವವರು ನಮ್ಮಲ್ಲಿ ಎಷ್ಟೊಂದು ಜನ! ಅವರು ಈ ಕಡಿತವನ್ನು ಮೊದಲೇ ಎಣಿಸಿಕೊಳ್ಳಬೇಕು. ಹಳೆಯ ಕಂಪನಿಗಳಿಂದ ಅನುಭವ ಪತ್ರ ತರಿಸುವುದು ಇದರಲ್ಲಿ ಅತಿ ಹೆಚ್ಚು ಸಮಯ ತಿನ್ನುವ ಕೆಲಸ. ಬೆಂಗಳೂರಿನಲ್ಲಿ ಹದಿನೈದು ವರ್ಷದ ಹಿಂದೆ ಕೆಲಸ ಮಾಡಿದ ಕಂಪನಿ ಈಗ ಇನ್ನೊಬ್ಬರ ಕೈ ಸೇರಿರಬಹುದು, ಅಂದಿನ ಮ್ಯಾನೇಜರ್ ಎಲ್ಲಿದ್ದಾರೋ ಹುಡುಕಬೇಕು. ಪತ್ರದಲ್ಲಿ ಸೇರಿದ ದಿನ, ಬಿಟ್ಟ ದಿನ, ವಾರಕ್ಕೆ ಎಷ್ಟು ತಾಸು, ದಿನನಿತ್ಯ ಮಾಡಿದ ಕೆಲಸವೇನು ಎಲ್ಲ ಇರಬೇಕು. ಬರೀ ಹುದ್ದೆಯ ಹೆಸರಿರುವ ರಿಲೀವಿಂಗ್ ಲೆಟರ್ ಸಾಲದು.

ಇಂಗ್ಲಿಷ್ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಪದೇ ಪದೇ ಕಾಣುತ್ತದೆ. ಬ್ರಿಟಿಷ್ ಪಾಸ್‌ಪೋರ್ಟ್ ಇದ್ದರೆ ಪರೀಕ್ಷೆ ಬೇಡ ಎಂಬುದು ಅರ್ಧ ಸತ್ಯ. ಆ ಪಾಸ್‌ಪೋರ್ಟ್ ಕನಿಷ್ಠ ಅರ್ಹತೆ ಕೊಡುತ್ತದೆ, ಅದಕ್ಕೆ ಅಂಕ ಸೊನ್ನೆ. 20 ಅಂಕ ಬೇಕಾದರೆ ಪರೀಕ್ಷೆ ಬರೆಯಲೇಬೇಕು, ಐಇಎಲ್‌ಟಿಎಸ್ ಆದರೆ ನಾಲ್ಕೂ ವಿಭಾಗದಲ್ಲಿ 8 ತೆಗೆಯಬೇಕು. ಭಾರತೀಯ ಪಾಸ್‌ಪೋರ್ಟ್ ಇದ್ದವರು ಇಪ್ಪತ್ತು ವರ್ಷ ಲಂಡನ್ನಿನಲ್ಲಿ ಕಳೆದಿದ್ದರೂ ಪರೀಕ್ಷೆ ತಪ್ಪದು. ಬರವಣಿಗೆಯಲ್ಲಿ 7.5 ಬಂತು ಅಂದರೆ ಉಳಿದ ಮೂರರಲ್ಲಿ 9 ಬಂದಿದ್ದರೂ ಸಿಗುವುದು 10 ಅಂಕವೇ. ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಅಲ್ಲೇ. ದಿನವೂ ಇಂಗ್ಲಿಷ್‌ನಲ್ಲಿ ಮಿಂಚಂಚೆ ಬರೆಯುವವರಿಗೆ 40 ನಿಮಿಷದಲ್ಲಿ ಒಂದು ಪ್ರಬಂಧವನ್ನು ಕಟ್ಟುನಿಟ್ಟಾಗಿ ಕಟ್ಟುವ ಅಭ್ಯಾಸ ತಪ್ಪಿಹೋಗಿರುತ್ತದೆ. ಒಂದು ತಿಂಗಳು ಅದಕ್ಕೇ ಕೂರಬೇಕು.

ವೈದ್ಯರ ದಾರಿ ಬೇರೆ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ಕನ್ನಡಿಗ ವೈದ್ಯರು ಸಾಕಷ್ಟಿದ್ದಾರೆ, ಆಸ್ಟ್ರೇಲಿಯಾಕ್ಕೆ ವೈದ್ಯರು ಬೇಕಾಗಿಯೂ ಇದ್ದಾರೆ. 2024ರ ಅಕ್ಟೋಬರ್‌ನಿಂದ ಬ್ರಿಟನ್ನಿನಲ್ಲಿ ತರಬೇತಿ ಮುಗಿಸಿದ ಜಿಪಿಗಳಿಗೆ, ಅಂದರೆ ಕುಟುಂಬ ವೈದ್ಯರಿಗೆ, ಆಸ್ಟ್ರೇಲಿಯಾದ ಆರೋಗ್ಯ ವೃತ್ತಿ ನಿಯಂತ್ರಕ ಸಂಸ್ಥೆ ಆಪ್ರಾದಲ್ಲಿ ನೋಂದಣಿಯ ಚುರುಕು ಹಾದಿ ತೆರೆದಿದೆ, ಆಮೇಲೆ ಬೇರೆ ಕೆಲವು ತಜ್ಞ ವಿಭಾಗಗಳಿಗೂ ಅದು ವಿಸ್ತರಿಸಿದೆ. ದಾದಿಯರಿಗೆ 2025ರ ಏಪ್ರಿಲ್‌ನಿಂದ ಇಂಥದೇ ಸವಲತ್ತು ಬಂತು: ಬ್ರಿಟನ್ನಿನಲ್ಲಿ ನೋಂದಾಯಿಸಿಕೊಂಡು, 2017ರ ಜನವರಿಯಿಂದೀಚೆಗೆ 1,800 ತಾಸು ಕೆಲಸ ಮಾಡಿರಬೇಕು. ಕೇರಳದ ದಾದಿಯರ ನಡುವೆ ಈ ಸುದ್ದಿ ಬೇಗ ಹರಡಿತು, ಮಂಗಳೂರಿನ ನರ್ಸಿಂಗ್ ಕಾಲೇಜುಗಳಲ್ಲಿ ಓದಿ ಬ್ರಿಟನ್ನಿಗೆ ಬಂದವರಿಗೂ ಇದು ಅಷ್ಟೇ ಅನ್ವಯಿಸುತ್ತದೆ. ಇಲ್ಲೂ ಒಂದು ತಾರೀಖಿದೆ. ಬ್ರಿಟನ್ನಿನ ವೈದ್ಯಕೀಯ ಮಂಡಳಿ ಜಿಎಂಸಿ ವೈದ್ಯರಿಗೆ ಕೊಡುವ ಗುಡ್ ಸ್ಟ್ಯಾಂಡಿಂಗ್ ಪ್ರಮಾಣಪತ್ರಕ್ಕೆ ಮೂರೇ ತಿಂಗಳು ಆಯಸ್ಸು, ಎಲ್ಲಕ್ಕಿಂತ ಮುಂಚೆ ಅದನ್ನು ತರಿಸಿಟ್ಟುಕೊಂಡರೆ ಇನ್ನೊಮ್ಮೆ ತರಿಸಬೇಕಾಗುತ್ತದೆ.

ಜಿಪಿಗಳಿಗೆ ಯಾರೂ ಗಟ್ಟಿಯಾಗಿ ಹೇಳದ ವಿಷಯ ಹತ್ತು ವರ್ಷದ ಮಾರಟೋರಿಯಂ. ಹೊರದೇಶದಲ್ಲಿ ಓದಿದ ವೈದ್ಯರು ಖಾಸಗಿ ಕ್ಲಿನಿಕ್ಕಿನಲ್ಲಿ ಕೂತು ಅಲ್ಲಿನ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್‌ಗೆ ಬಿಲ್ ಮಾಡಬೇಕಾದರೆ, ಸಾಮಾನ್ಯವಾಗಿ ಹತ್ತು ವರ್ಷ ವೈದ್ಯರ ಕೊರತೆಯಿರುವ ಪ್ರದೇಶದಲ್ಲೇ ಇರಬೇಕು. ಖಾಯಂ ವೀಸಾ ಸಿಕ್ಕರೂ ಇದು ಬಿಡುವುದಿಲ್ಲ. ತೀರಾ ಒಳನಾಡಿಗೆ ಹೋದರೆ ಅವಧಿ ಕಡಿಮೆಯಾಗುತ್ತದೆ. ಸರ್ಕಾರಿ ಆಸ್ಪತ್ರೆಯ ಸಂಬಳದ ವೈದ್ಯರನ್ನು ಇದು ಅಷ್ಟಾಗಿ ಕಟ್ಟಿಹಾಕದು. ಸಿಡ್ನಿಯ ನಡುವೆ ಮನೆ, ಹತ್ತಿರದಲ್ಲೇ ಕ್ಲಿನಿಕ್ ಎಂದು ಮಕ್ಕಳಿಗೆ ಶಾಲೆ ಹುಡುಕುವ ಮೊದಲು ಕೆಲಸದ ಜಾಗ ಆ ಪಟ್ಟಿಯಲ್ಲಿದೆಯೇ ನೋಡಿಕೊಳ್ಳಬೇಕು.

ಅಂಕ ಸಾಲದವರಿಗೆ ಉದ್ಯೋಗದಾತರು ಕರೆಸಿಕೊಳ್ಳುವ 482 ಇದೆ, 2024ರ ಡಿಸೆಂಬರ್‌ನಿಂದ ಅದರ ಹೆಸರು ಸ್ಕಿಲ್ಸ್ ಇನ್ ಡಿಮಾಂಡ್. ಎರಡು ವರ್ಷ ದುಡಿದ ಮೇಲೆ 186ರ ಮೂಲಕ ಖಾಯಂ ಆಗಬಹುದು, ಆದರೆ ಅಲ್ಲೂ 45ರ ಗೆರೆ ಇದೆ, ವಿನಾಯಿತಿ ಕೆಲವರಿಗೆ ಮಾತ್ರ. 43ಕ್ಕೆ 482 ಹಿಡಿದು ಹೊರಟವರು ಈ ಲೆಕ್ಕವನ್ನು ಬೆರಳೆಣಿಕೆಯಲ್ಲಿ ಮಾಡಬೇಕು. ಕೆಲಸ ಹೋದರೆ ಹೊಸ ಉದ್ಯೋಗದಾತರನ್ನು ಹುಡುಕಲು ಒಂದು ಸಲಕ್ಕೆ 180 ದಿನ ಸಿಗುತ್ತದೆ, ವೀಸಾದ ಪೂರ್ತಿ ಅವಧಿಯಲ್ಲಿ 365 ದಿನ. ಮೊದಲಿದ್ದ 60 ದಿನಕ್ಕೆ ಹೋಲಿಸಿದರೆ ಇದು ದೊಡ್ಡ ನೆಮ್ಮದಿ.

ಹಣ ಕಟ್ಟುವ ಮೊದಲು ಮನೆಯವರ ಆರೋಗ್ಯದ ಬಗ್ಗೆ ಬಿಚ್ಚುಮನಸ್ಸಿನಿಂದ ಕೂತು ಯೋಚಿಸಬೇಕು. 189ರ ಮುಖ್ಯ ಅರ್ಜಿದಾರರ ಶುಲ್ಕವೇ ಐದು ಸಾವಿರ ಡಾಲರಿಗೆ ಹತ್ತಿರವಿದೆ, ಅದು ವಾಪಸು ಬರುವುದಿಲ್ಲ. ಕುಟುಂಬದಲ್ಲಿ ಒಬ್ಬರು ಆರೋಗ್ಯದ ಷರತ್ತು ದಾಟದಿದ್ದರೆ ಎಲ್ಲರ ಅರ್ಜಿಯೂ ಬಿದ್ದುಹೋಗುತ್ತದೆ. ಒಬ್ಬರ ಚಿಕಿತ್ಸೆ ಮತ್ತು ಸೇವೆಗೆ ಆಗಬಹುದಾದ ವೆಚ್ಚ ನಿಗದಿತ ಅವಧಿಯಲ್ಲಿ 86,000 ಡಾಲರ್ ದಾಟುತ್ತದೆ ಎಂದು ಅಂದಾಜಾದರೆ ಅಡ್ಡಿ ಬರುತ್ತದೆ. ವಿಶೇಷ ಆರೈಕೆ ಬೇಕಾದ ಮಗುವಿರುವ ಮನೆಗಳಿಗೆ ಇದು ನೋವಿನ ನಿಯಮ, ನ್ಯಾಯವೆಂದು ನನಗೆ ಯಾವತ್ತೂ ಅನಿಸಿಲ್ಲ. ಉದ್ಯೋಗದಾತರ ಮೂಲಕ ಹೋಗುವ ಕೆಲವು ವೀಸಾಗಳಲ್ಲಿ ವಿನಾಯಿತಿ ಕೇಳಲು ಅವಕಾಶವಿದೆ, 189ರಲ್ಲಿ ಇಲ್ಲ. ಆದ್ದರಿಂದ ಅಂಥ ಮನೆಯವರು ಯಾವ ವೀಸಾ ಎಂಬುದನ್ನೇ ಬೇರೆಯಾಗಿ ಆರಿಸಬೇಕಾಗುತ್ತದೆ, ನೋಂದಾಯಿತ ಏಜೆಂಟರ ಸಲಹೆಗೆ ಹಣ ಕೊಡುವುದು ಇಲ್ಲಿ ದಂಡವಲ್ಲ. ಪೊಲೀಸ್ ಪ್ರಮಾಣಪತ್ರ ಬ್ರಿಟನ್ನಿನದೂ ಬೇಕು, ಕಳೆದ ಹತ್ತು ವರ್ಷದಲ್ಲಿ ಒಟ್ಟು 12 ತಿಂಗಳು ಭಾರತದಲ್ಲಿದ್ದರೆ ಅಲ್ಲಿಯದೂ ಬೇಕು. ವೈದ್ಯಕೀಯ ತಪಾಸಣೆ, ಪೊಲೀಸ್ ಪತ್ರ ಎರಡಕ್ಕೂ 12 ತಿಂಗಳ ಆಯಸ್ಸು. ಮೊದಲ ಪ್ರವೇಶಕ್ಕೆ ಕೊಡುವ ಗಡುವು ಹೆಚ್ಚಾಗಿ ಈ ಎರಡರಲ್ಲಿ ಮೊದಲು ಮುಗಿಯುವ ತಾರೀಖನ್ನು ಹಿಡಿಯುತ್ತದೆ. ತುಂಬಾ ಬೇಗ ತಪಾಸಣೆ ಮಾಡಿಸಿಕೊಂಡರೆ ಮನೆ ಮಾರಲು, ಕೆಲಸ ಬಿಡಲು ಉಳಿಯುವ ತಿಂಗಳುಗಳು ಕರಗುತ್ತವೆ.

ಇನ್ನು ಪಾಸ್‌ಪೋರ್ಟಿನ ಮಾತು. ಬ್ರಿಟನ್ನಿನಲ್ಲಿ ಹುಟ್ಟಿ ಬೆಳೆದವರಿಗೆ ಈ ಪ್ರಶ್ನೆಯೇ ಇಲ್ಲ, ನಮಗೆ ಇದೇ ದೊಡ್ಡದು. ಐಎಲ್‌ಆರ್ ಇರುವವರು ಸತತ ಎರಡು ವರ್ಷಕ್ಕಿಂತ ಹೆಚ್ಚು ಬ್ರಿಟನ್ನಿನ ಹೊರಗಿದ್ದರೆ ಆ ಹಕ್ಕು ಬಿದ್ದುಹೋಗುತ್ತದೆ. ಆಸ್ಟ್ರೇಲಿಯಾದ ಪೌರತ್ವಕ್ಕೆ ನಾಲ್ಕು ವರ್ಷದ ವಾಸ ಬೇಕು, ಅದರಲ್ಲಿ ಕೊನೆಯ ವರ್ಷ ಖಾಯಂ ವಾಸಿಯಾಗಿ. ಅಂದರೆ ಬ್ರಿಟನ್ನಿನ ಬಾಗಿಲು ಎರಡನೇ ವರ್ಷಕ್ಕೆ ಮುಚ್ಚಿ, ಆಸ್ಟ್ರೇಲಿಯಾದ ಬಾಗಿಲು ನಾಲ್ಕನೇ ವರ್ಷಕ್ಕೆ ಪೂರ್ತಿ ತೆರೆಯುತ್ತದೆ, ನಡುವಿನ ಎರಡು ವರ್ಷ ಹಿಂದಕ್ಕೆ ಬರಲು ಸಲೀಸಾದ ದಾರಿಯಿಲ್ಲ. ಹಾಗಾದರೆ ಮೊದಲೇ ಬ್ರಿಟಿಷ್ ಪೌರತ್ವ ತೆಗೆದುಕೊಂಡುಬಿಡೋಣ ಎಂದು ಅನಿಸುವುದು ಸಹಜ. ಆದರೆ ಆ ಅರ್ಜಿಯಲ್ಲಿ, ಬ್ರಿಟಿಷ್ ಪ್ರಜೆಯನ್ನು ಮದುವೆಯಾದವರನ್ನು ಬಿಟ್ಟು ಉಳಿದವರು, ಬ್ರಿಟನ್ನಿನಲ್ಲೇ ನೆಲೆ ಮುಂದುವರಿಸುವ ಉದ್ದೇಶ ತಮಗಿದೆ ಎಂದು ಹೇಳಬೇಕಾಗುತ್ತದೆ. ಆಸ್ಟ್ರೇಲಿಯಾದ ವೀಸಾ ಅರ್ಜಿ ಕೈಯಲ್ಲಿಟ್ಟುಕೊಂಡು ಹಾಗೆ ಸಹಿ ಹಾಕುವುದು ತಪ್ಪು, ಅಪಾಯವೂ ಹೌದು. ಬ್ರಿಟಿಷ್ ಪೌರತ್ವ ಬೇಕೆಂದಿದ್ದವರು ಆಸ್ಟ್ರೇಲಿಯಾದ ಯೋಚನೆ ಹುಟ್ಟುವ ಮೊದಲೇ ಅದನ್ನು ಮುಗಿಸಿರಬೇಕು.

ಬೇರೆ ದೇಶದ ಪೌರತ್ವ ಪಡೆದ ದಿನವೇ ಭಾರತದ ಪೌರತ್ವ ಹೋಗುತ್ತದೆ. ಪಾಸ್‌ಪೋರ್ಟ್ ಒಪ್ಪಿಸಿ ಒಸಿಐ ಎಂಬ ಸಾಗರೋತ್ತರ ಭಾರತೀಯ ಕಾರ್ಡು ಮಾಡಿಸಿಕೊಳ್ಳಬೇಕು. ಒಸಿಐ ಇದ್ದವರು ಬೆಂಗಳೂರಿನಲ್ಲಿ ಫ್ಲ್ಯಾಟ್ ಕೊಳ್ಳಬಹುದು, ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಅಪ್ಪನ ಕಾಫಿ ತೋಟವೋ ಅಡಿಕೆ ತೋಟವೋ ವಾರಸುದಾರಿಕೆಯಿಂದ ಬರಬಹುದು, ಆದರೆ ಪಕ್ಕದ ಎರಡೆಕರೆ ಸೇರಿಸಿಕೊಳ್ಳುವ ಆಸೆ ಅಲ್ಲಿಗೆ ಮುಗಿಯಿತು. ಚಿಕ್ಕಮಗಳೂರು, ಶಿರಸಿ ಕಡೆಯವರು ಇದನ್ನು ಅಣ್ಣತಮ್ಮಂದಿರ ಜೊತೆ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಪಿಂಚಣಿಯ ವಿಷಯ ಮೂವತ್ತೈದರಲ್ಲಿ ಯಾರಿಗೂ ಬೇಡ. ಆದರೆ ಇದರಷ್ಟು ಸದ್ದಿಲ್ಲದೆ ಹಣ ತಿನ್ನುವ ವಿಷಯ ಇನ್ನೊಂದಿಲ್ಲ. ಬ್ರಿಟನ್ನಿನ ಸ್ಟೇಟ್ ಪೆನ್ಷನ್ ಆಸ್ಟ್ರೇಲಿಯಾದಲ್ಲಿ ಸಿಗುತ್ತದೆ, ಆದರೆ ಹೆಪ್ಪುಗಟ್ಟಿದ ಹಾಗೆ. ಮೊದಲು ಎಷ್ಟು ಬಂತೋ ಸಾಯುವವರೆಗೂ ಅಷ್ಟೇ. 2016ರಲ್ಲಿ ಆಸ್ಟ್ರೇಲಿಯಾದಲ್ಲಿದ್ದುಕೊಂಡು ಪೂರ್ತಿ ಪಿಂಚಣಿ ಶುರುಮಾಡಿದವರಿಗೆ ವಾರಕ್ಕೆ 155.65 ಪೌಂಡ್ ಬರುತ್ತಿತ್ತು, ಇವತ್ತಿಗೂ ಅದೇ. ಬ್ರಿಟನ್ನಿನಲ್ಲೇ ಉಳಿದವರಿಗೆ 2025ರಲ್ಲಿ ಅದು 230.25 ಪೌಂಡ್ ಆಗಿತ್ತು. ಎರಡು ದೇಶಗಳ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2001ರಲ್ಲೇ ಮುರಿದುಬಿದ್ದಿದೆ. ಪಿಂಚಣಿ ಸಿಗಲು ಕನಿಷ್ಠ ಹತ್ತು ವರ್ಷದ ನ್ಯಾಷನಲ್ ಇನ್ಶೂರೆನ್ಸ್ ಎಂಬ ವಂತಿಗೆ ಕಟ್ಟಿರಬೇಕು, ಪೂರ್ತಿ ಸಿಗಲು 35. ಹೊರದೇಶದಿಂದ ಅದರ ಅಗ್ಗದ ದರವಾದ ಕ್ಲಾಸ್ 2 ಕಟ್ಟಿ ವರ್ಷ ತುಂಬಿಸುವ ದಾರಿ 2026ರ ಏಪ್ರಿಲ್‌ಗೆ ಮುಚ್ಚಿತು. ಎಂಟೂವರೆ ವರ್ಷ ದುಡಿದವರು ಇನ್ನು ಒಂದೂವರೆ ವರ್ಷ ತಡೆದು ಹೊರಟರೆ ಏನು ಲಾಭ ಎಂದು ಲೆಕ್ಕ ಹಾಕುವುದು ಜಿಪುಣತನವಲ್ಲ. ಎನ್‌ಎಚ್‌ಎಸ್ ಪಿಂಚಣಿಗೆ ಈ ಹೆಪ್ಪು ತಟ್ಟುವುದಿಲ್ಲ, ಎಲ್ಲೇ ಇದ್ದರೂ ಅದು ಬೆಲೆಯೇರಿಕೆಯ ಜೊತೆ ಏರುತ್ತದೆ. ಖಾಸಗಿ ಪಿಂಚಣಿಯನ್ನು ಆಸ್ಟ್ರೇಲಿಯಾದ ‘ಸೂಪರ್’ ಎಂಬ ನಿವೃತ್ತಿ ನಿಧಿಗೆ ಸಾಗಿಸುವುದು 55 ದಾಟುವ ತನಕ ಹೆಚ್ಚುಕಡಿಮೆ ಆಗದ ಮಾತು. ಈಗಲೇ ಸಾಗಿಸಿಕೊಡುತ್ತೇವೆ ಎಂದು ಫೋನ್ ಮಾಡುವವರಿಂದ ದೂರವಿರಬೇಕು.

ತೆರಿಗೆಯಲ್ಲಿ ಎಲ್ಲವೂ ಒಂದು ದಿನದ ಮೇಲೆ ನಿಂತಿದೆ: ಆಸ್ಟ್ರೇಲಿಯಾದ ತೆರಿಗೆ ನಿವಾಸಿಯಾಗುವ ದಿನ. 482ರಂಥ ತಾತ್ಕಾಲಿಕ ವೀಸಾದಲ್ಲಿದ್ದರೆ ಹೊರದೇಶದ ಹೂಡಿಕೆಯ ಆದಾಯಕ್ಕೆ ಸಾಮಾನ್ಯವಾಗಿ ಅಲ್ಲಿ ತೆರಿಗೆಯಿಲ್ಲ. ಖಾಯಂ ವೀಸಾದಲ್ಲಿ ಇಳಿದರೆ, ಅಥವಾ ಆಮೇಲೆ ಖಾಯಂ ಆದರೆ, ಆ ದಿನದಿಂದ ಜಗತ್ತಿನ ಎಲ್ಲ ಮೂಲೆಯ ಆದಾಯವನ್ನೂ ತೋರಿಸಬೇಕು. ಬೆಂಗಳೂರಿನ ಮನೆಯ ಬಾಡಿಗೆ, ಬ್ರಿಟನ್ನಿನ ಐಸಾ ಉಳಿತಾಯ ಖಾತೆ, ಎನ್‌ಆರ್‌ಇ ಠೇವಣಿಯ ಬಡ್ಡಿ, ಎಲ್ಲವೂ. ಎನ್‌ಆರ್‌ಇ ಬಡ್ಡಿಗೆ ಭಾರತದಲ್ಲಿ ತೆರಿಗೆಯಿಲ್ಲ, ಐಸಾಗೆ ಬ್ರಿಟನ್ನಿನಲ್ಲಿ ಇಲ್ಲ. ಆ ವಿನಾಯಿತಿಗಳನ್ನು ಆಸ್ಟ್ರೇಲಿಯಾ ಒಪ್ಪುವುದಿಲ್ಲ. ಆದರೆ ಅದೇ ದಿನ ಒಂದು ಉಪಕಾರವೂ ಆಗುತ್ತದೆ. ನಿಮ್ಮ ಹೊರದೇಶದ ಆಸ್ತಿಗಳನ್ನು ಆ ದಿನದ ಮಾರುಕಟ್ಟೆ ಬೆಲೆಗೆ ಕೊಂಡಿರಿ ಎಂದು ಅಲ್ಲಿನ ಕಾನೂನು ಭಾವಿಸುತ್ತದೆ. 2005ರಲ್ಲಿ ಕೊಂಡ ಸೈಟಿನ ಬೆಲೆ ಇಪ್ಪತ್ತು ವರ್ಷದಲ್ಲಿ ಹತ್ತು ಪಟ್ಟಾಗಿದ್ದರೂ ಆ ಏರಿಕೆಗೆ ಅಲ್ಲಿ ತೆರಿಗೆಯಿಲ್ಲ, ಮುಂದಿನ ಏರಿಕೆಗೆ ಮಾತ್ರ. ಇದನ್ನು ಸಾಬೀತುಪಡಿಸಲು ಆ ತಾರೀಖಿನ ಮೌಲ್ಯಮಾಪನ ವರದಿ ಬೇಕು. ಹೊರಡುವ ತಿಂಗಳಲ್ಲೇ ಬೆಂಗಳೂರಿನ ಒಬ್ಬ ನೋಂದಾಯಿತ ವ್ಯಾಲ್ಯುಯರ್ ಹತ್ತಿರ ವರದಿ ಬರೆಸಿ ಇಟ್ಟುಕೊಂಡರೆ ಹತ್ತು ವರ್ಷದ ಮೇಲೆ ಪರದಾಡಬೇಕಿಲ್ಲ. ಬ್ರಿಟನ್ನಿನ ಸ್ವಂತ ಮನೆ ಮಾರುವ ಮನಸ್ಸಿದ್ದರೆ ಹೊರಡುವ ಮೊದಲೇ ಮಾರುವುದು ಸರಳ. ಹೊರಟ ಮೇಲೆ ಮಾರಿದರೆ 60 ದಿನದೊಳಗೆ ಬ್ರಿಟಿಷ್ ತೆರಿಗೆ ಇಲಾಖೆಗೆ ವರದಿ ಕೊಡಬೇಕು, ಲಾಭವಿಲ್ಲದಿದ್ದರೂ. ಮೂರು ದೇಶ, ಮೂರು ತೆರಿಗೆ ವರ್ಷ: ಭಾರತದ್ದು ಏಪ್ರಿಲ್ 1ಕ್ಕೆ, ಬ್ರಿಟನ್ನಿನದು ಏಪ್ರಿಲ್ 6ಕ್ಕೆ, ಆಸ್ಟ್ರೇಲಿಯಾದ್ದು ಜುಲೈ 1ಕ್ಕೆ ಶುರು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಸಾಮಾನು ಕಟ್ಟುವ ಹೊತ್ತಿಗೆ ಇದೆಲ್ಲ ಮುಗಿದಿರುತ್ತದೆ. 20 ಅಡಿಯ ಕಂಟೈನರಿನಲ್ಲಿ ಸುಮಾರು 33 ಘನ ಮೀಟರ್ ಜಾಗವಿರುತ್ತದೆ. ಹಡಗು, ತಪಾಸಣೆ ಎಲ್ಲ ಸೇರಿ ಎರಡರಿಂದ ಮೂರು ತಿಂಗಳು. 12 ತಿಂಗಳಿಗಿಂತ ಹೆಚ್ಚು ನಿಮ್ಮ ಬಳಿ ಇದ್ದು ಉಪಯೋಗಿಸಿದ ಸಾಮಾನಿಗೆ ಸುಂಕವಿಲ್ಲ. ಆದ್ದರಿಂದ ಹೊರಡುವ ವಾರ ಹೊಸ ಟಿವಿ ಕೊಳ್ಳಬಾರದು. ವಿದ್ಯುತ್ತು ಎರಡೂ ಕಡೆ 230 ವೋಲ್ಟ್, 50 ಹರ್ಟ್ಸ್. ಊರಿಂದ ತಂದ ಮಿಕ್ಸಿ, ಇಡ್ಲಿ ಹಿಟ್ಟಿನ ಗ್ರೈಂಡರ್ ಪ್ಲಗ್ ಬದಲಿಸಿದರೆ ಸಾಕು, ನಡೆಯುತ್ತವೆ.

ಆಸ್ಟ್ರೇಲಿಯಾದ ಜೈವಿಕ ಸುರಕ್ಷತೆಯವರು ಹುಡುಕುವುದು ಮಣ್ಣು, ಬೀಜ, ಹುಳ. ಒಂದು ಜೊತೆ ಬೂಟನ್ನು ತಿರುಗಿಸಿ ಹಿಡಿದು ನೋಡಿ. ಅಟ್ಟೆಯ ಗೀರುಗಳಲ್ಲಿ ಒಣಗಿದ ಕೆಸರು, ಅದರಲ್ಲಿ ಅಂಟಿದ ಹುಲ್ಲಿನ ಬೀಜ. ಹಳೆಯ ಟೂತ್‌ಬ್ರಷ್‌ನಿಂದ ತಿಕ್ಕಿ, ಉಳಿದದ್ದನ್ನು ದಬ್ಬಳದ ಮೊನೆಯಿಂದ ಕೆದಕಿ ತೆಗೆದು, ತೊಳೆದು, ಎರಡು ದಿನ ಪೂರ್ತಿ ಒಣಗಿಸಿ ಕಟ್ಟಬೇಕು. ಸೈಕಲ್ಲಿನ ಮಡ್‌ಗಾರ್ಡ್ ಒಳಭಾಗ, ಮಗುವಿನ ಗಾಡಿಯ ಚಕ್ರ, ವ್ಯಾಕ್ಯೂಮ್ ಕ್ಲೀನರಿನ ಚೀಲ, ಡೇರೆಯ ಗೂಟ, ಎಲ್ಲಕ್ಕೂ ಇದೇ ಉಪಚಾರ. ತೋಟದ ಸಲಕರಣೆ ಒಯ್ಯುವ ಕಷ್ಟ ಬೇಡ, ಯಾರಿಗಾದರೂ ಕೊಟ್ಟುಬಿಡಿ.

ನಮ್ಮ ಮನೆಗಳಲ್ಲಿ ಇನ್ನೊಂದು ಪಟ್ಟಿ ಇರುತ್ತದೆ, ಅದನ್ನು ಬ್ರಿಟಿಷ್ ಸಾಗಣೆ ಕಂಪನಿಯವರು ಹೇಳಿಕೊಡುವುದಿಲ್ಲ. ದೇವರ ಕೋಣೆಯ ಅಕ್ಷತೆ, ದರ್ಭೆ, ಒಣಗಿದ ಬಿಲ್ವಪತ್ರೆ, ಕಳಶದ ತೆಂಗಿನಕಾಯಿ, ಬಾಗಿಲ ತೋರಣದ ಒಣ ಮಾವಿನೆಲೆ, ಹಿತ್ತಿಲಿಗೆಂದು ಅಮ್ಮ ಕಟ್ಟಿಕೊಟ್ಟ ಹೀರೆ, ಅವರೆ ಬೀಜ. ಇವನ್ನು ಒಯ್ಯಬಾರದು. ರುದ್ರಾಕ್ಷಿ, ತುಳಸಿ ಮಣಿ ಸಸ್ಯಮೂಲದವು, ಪಟ್ಟಿಯಲ್ಲಿ ಬರೆದು ತೋರಿಸಬೇಕು. ಬಿದಿರಿನ ಮೊರ, ಮರದ ಕಡೆಗೋಲು, ಈಳಿಗೆಮಣೆ, ಚನ್ನಪಟ್ಟಣದ ಗೊಂಬೆಗಳನ್ನು ಬೆಳಕಿಗೆ ಹಿಡಿದು ನೋಡಿ. ಗುಂಡುಸೂಜಿಯ ತಲೆಯಷ್ಟು ತೂತು, ತಟ್ಟಿದರೆ ಉದುರುವ ಹಿಟ್ಟಿನಂಥ ಪುಡಿ ಕಂಡರೆ ಒಳಗೆ ಹುಳವಿದೆ ಎಂದೇ ಅರ್ಥ. ಅದೊಂದಕ್ಕಾಗಿ ಧೂಮೋಪಚಾರದ ಖರ್ಚು ನಿಮ್ಮ ತಲೆಗೆ ಬರುತ್ತದೆ. ತೊಗಟೆ ಉಳಿದ ಮರದ ಸಾಮಾನು ಬೇಡವೇ ಬೇಡ. ಮೃದಂಗಕ್ಕೆ ತೊಗಲಿರುವುದರಿಂದ ಬೈಕಾನ್ ಎಂಬ ಸರ್ಕಾರಿ ದತ್ತಾಂಶದಲ್ಲಿ ಷರತ್ತು ಓದಿಯೇ ಕಟ್ಟಬೇಕು. ಪೆಟ್ಟಿಗೆಯ ಮೇಲೆ ‘ಅಡುಗೆ ಸಾಮಾನು’ ಎಂದು ಬರೆದರೆ ಬಿಚ್ಚುತ್ತಾರೆ. ‘ಸ್ಟೀಲ್ ಪಾತ್ರೆ, ಬಳಸಿದ್ದು, ತೊಳೆದದ್ದು’ ಎಂದು ಬರೆದರೆ ಬಿಚ್ಚದೆ ಬಿಡುವ ಸಾಧ್ಯತೆ ಹೆಚ್ಚು. ತೆರೆದು ನೋಡಲೇಬೇಕಾದ ಪೆಟ್ಟಿಗೆಗಳನ್ನು ಕೊನೆಯಲ್ಲಿ, ಕಂಟೈನರಿನ ಬಾಗಿಲ ಬಳಿಯೇ ತುಂಬಿಸಲು ಹೇಳಿ. ಹಿಂದೆ ಸಿಕ್ಕಿಕೊಂಡರೆ ಎಲ್ಲವನ್ನೂ ಇಳಿಸಿದ ಕೂಲಿಯೂ ನಿಮ್ಮದೇ.

ವಿಮಾನದ ಚೀಲದಲ್ಲಿ ಸಾರಿನ ಪುಡಿ, ಹುರಿದ ಕಾಫಿ ಪುಡಿ ಇದ್ದರೆ ಪ್ರವೇಶ ಕಾರ್ಡಿನಲ್ಲಿ ‘ಹೌದು’ ಎಂದೇ ಗುರುತು ಹಾಕಬೇಕು. ಘೋಷಿಸಿದ ಪದಾರ್ಥ ನಿಷಿದ್ಧವಾಗಿದ್ದರೂ ತೆಗೆದಿಟ್ಟುಕೊಳ್ಳುತ್ತಾರೆ, ದಂಡ ಹಾಕುವುದಿಲ್ಲ. ಮುಚ್ಚಿಟ್ಟರೆ ದಂಡ ಸಾವಿರಾರು ಡಾಲರ್, ತಾತ್ಕಾಲಿಕ ವೀಸಾ ಇದ್ದವರ ವೀಸಾ ರದ್ದಾಗುವುದೂ ಉಂಟು.

ಇಳಿದ ಮೊದಲ ವಾರ ಟ್ಯಾಕ್ಸ್ ಫೈಲ್ ನಂಬರಿಗೆ ಅರ್ಜಿ ಹಾಕಿ, ಶುಲ್ಕವಿಲ್ಲ. ಅದನ್ನು ಕೊಡದಿದ್ದರೆ ಸಂಬಳದಲ್ಲಿ 47 ಶೇಕಡಾ ಹಿಡಿಯುತ್ತಾರೆ. ಮನೆ ಬಾಡಿಗೆ ವಾರದ ಲೆಕ್ಕದಲ್ಲಿರುತ್ತದೆ. ವಾರಕ್ಕೆ 700 ಡಾಲರ್ ಅಂದರೆ ತಿಂಗಳಿಗೆ 2,800 ಅಲ್ಲ, 52 ವಾರದಿಂದ ಗುಣಿಸಿ ಹನ್ನೆರಡರಿಂದ ಭಾಗಿಸಿದರೆ 3,033. ಬ್ರಿಟನ್ನಿನ ಕ್ರೆಡಿಟ್ ಇತಿಹಾಸ ಅಲ್ಲಿ ಲೆಕ್ಕಕ್ಕಿಲ್ಲ, ಹಿಂದಿನ ಮನೆಮಾಲೀಕರ ಪತ್ರ ಕೈಯಲ್ಲಿರಲಿ. ಬ್ರಿಟಿಷ್ ಡ್ರೈವಿಂಗ್ ಲೈಸೆನ್ಸ್ ಇದ್ದರೆ ಪರೀಕ್ಷೆಯಿಲ್ಲದೆ ಬದಲಿಸಿ ಕೊಡುತ್ತಾರೆ, ಭಾರತದ್ದಕ್ಕೆ ಆ ಸೌಲಭ್ಯವಿಲ್ಲ. ಬ್ರಿಟನ್ನಿನಲ್ಲಿ ಡ್ರೈವಿಂಗ್ ಪರೀಕ್ಷೆ ಮುಂದೂಡುತ್ತಾ ಬಂದವರು ಹೊರಡುವ ಮೊದಲು ಪಾಸು ಮಾಡಿಕೊಳ್ಳಿ.

ಎನ್‌ಎಚ್‌ಎಸ್‌ಗೆ ಒಗ್ಗಿದವರಿಗೆ ಮೆಡಿಕೇರ್ ಹೊಸದೆನಿಸುತ್ತದೆ. ಅನೇಕ ಜಿಪಿಗಳು ಸರ್ಕಾರ ಕೊಡುವುದರ ಮೇಲೆ ನಿಮ್ಮಿಂದಲೂ ಹಣ ಪಡೆಯುತ್ತಾರೆ. ಆಂಬುಲೆನ್ಸ್ ವೆಚ್ಚ ಮೆಡಿಕೇರಿನಲ್ಲಿ ಸೇರಿಲ್ಲ. ಕ್ವೀನ್ಸ್‌ಲ್ಯಾಂಡ್, ಟಾಸ್ಮೇನಿಯಾದ ನಿವಾಸಿಗಳಿಗೆ ಉಚಿತ, ಉಳಿದ ಕಡೆ ಸದಸ್ಯತ್ವವೋ ವಿಮೆಯೋ ಬೇಕು. ಇಲ್ಲೂ ಒಂದು ತಾರೀಖು: 31 ದಾಟಿದವರು ಮೆಡಿಕೇರಿಗೆ ಸೇರಿದ 12 ತಿಂಗಳೊಳಗೆ ಖಾಸಗಿ ಆಸ್ಪತ್ರೆ ವಿಮೆ ಮಾಡಿಸಿದರೆ ಹೆಚ್ಚುವರಿ ಇಲ್ಲ. ಆ ವರ್ಷ ತಪ್ಪಿದರೆ, 30ರ ನಂತರದ ಒಂದೊಂದು ವರ್ಷಕ್ಕೂ ಕಂತಿನ ಮೇಲೆ ಶೇಕಡಾ 2 ಸೇರಿ ಹತ್ತು ವರ್ಷ ಕಟ್ಟಬೇಕಾಗುತ್ತದೆ. ಹಾಗೆ ತಪ್ಪಿ ನಲವತ್ತರಲ್ಲಿ ವಿಮೆ ಮಾಡಿಸಿದವರಿಗೆ ಶೇಕಡಾ 20.

ಮಕ್ಕಳ ವಿಷಯದಲ್ಲಿ ಶಾಲೆಗಿಂತ ಕಾಲೇಜನ್ನು ಮೊದಲು ನೋಡಬೇಕು. ಆಸ್ಟ್ರೇಲಿಯಾದಲ್ಲಿ ಖಾಯಂ ವಾಸಿಗಳ ಮಕ್ಕಳಿಗೆ ಸರ್ಕಾರಿ ರಿಯಾಯಿತಿಯ ಸೀಟು ಸಿಗುತ್ತದೆ, ಆದರೆ ಶುಲ್ಕವನ್ನು ಆಮೇಲೆ ಸಂಬಳದಿಂದ ತೀರಿಸುವ ಸಾಲ ಪೌರತ್ವ ಬರುವವರೆಗೆ ಇಲ್ಲ, ಮೊದಲೇ ಕಟ್ಟಬೇಕು. ಅತ್ತ ಬ್ರಿಟನ್ನಿನಲ್ಲಿ ಸ್ಥಳೀಯ ಶುಲ್ಕ ಸಿಗಲು ಕೋರ್ಸಿಗೆ ಮುಂಚಿನ ಮೂರು ವರ್ಷ ಅಲ್ಲೇ ವಾಸವಿರಬೇಕು, ಪಾಸ್‌ಪೋರ್ಟ್ ಯಾವುದಿದ್ದರೂ. ಹದಿನಾರರ ಮಗನನ್ನು ಕರೆದುಕೊಂಡು ಹೊರಟರೆ ಎರಡೂ ಕಡೆ ಕೈ ಸುಡುತ್ತದೆ. ಶಾಲಾ ವರ್ಷ ಆಸ್ಟ್ರೇಲಿಯಾದಲ್ಲಿ ಜನವರಿ ಕೊನೆಯಲ್ಲಿ ಶುರು. ಜಿಸಿಎಸ್‌ಇ ಎಂಬ ಬ್ರಿಟನ್ನಿನ ಶಾಲಾ ಪರೀಕ್ಷೆಯ ನಡುವೆ ಎಬ್ಬಿಸಿಕೊಂಡು ಹೋಗಬೇಡಿ, ಒಂದೋ ಅದಕ್ಕೂ ಮುಂಚೆ, ಇಲ್ಲವೇ ಮುಗಿಸಿ.

ಎರಡನೇ ಸಲದ ವಲಸೆಗೆ ಮೊದಲನೆಯದರ ಹುರುಪು ಇರುವುದಿಲ್ಲ. ಬೆಂಗಳೂರಿನಿಂದ ಬ್ರಿಟನ್ನಿಗೆ ಬಂದಾಗ ಇಪ್ಪತ್ತಾರು, ಮೂರು ಸೂಟ್‌ಕೇಸು. ಈಗ ನಲವತ್ತು, ಮಕ್ಕಳಿಗೆ ಗೆಳೆಯರಿದ್ದಾರೆ, ಕನ್ನಡ ಬಳಗದ ಯುಗಾದಿ ಕಾರ್ಯಕ್ರಮದಲ್ಲಿ ತಮ್ಮದೇ ಜಾಗವಿದೆ. 1945ರ ನಂತರ ಹತ್ತು ಪೌಂಡ್ ಕೊಟ್ಟು ಹಡಗು ಹತ್ತಿದ ಹತ್ತು ಲಕ್ಷಕ್ಕೂ ಹೆಚ್ಚು ಬ್ರಿಟಿಷರಲ್ಲಿ ಸುಮಾರು ಕಾಲುಭಾಗ ಜನ ವಾಪಸು ಬಂದರು. ಭಾಷೆ, ಬಣ್ಣ, ರಾಜಮನೆತನ ಎಲ್ಲ ಒಂದೇ ಇದ್ದವರಿಗೂ ಹೊಂದಿಕೊಳ್ಳುವುದು ಕಷ್ಟವಾಗಿತ್ತು. ನಮ್ಮಂಥವರಿಗೆ ಆ ಕಾಲದಲ್ಲಿ ಬಾಗಿಲೇ ತೆರೆದಿರಲಿಲ್ಲ, ಶ್ವೇತ ಆಸ್ಟ್ರೇಲಿಯಾ ನೀತಿಯ ಕೊನೆಯ ಕುರುಹುಗಳು ಅಳಿದದ್ದು 1973ರಲ್ಲಿ. ಈಗ ಮೆಲ್ಬರ್ನ್ ಕನ್ನಡ ಸಂಘ, ಸಿಡ್ನಿಯ ಸುಗಮ ಕನ್ನಡ ಕೂಟಗಳಿವೆ. ಹೊರಡುವ ಆರು ತಿಂಗಳ ಮೊದಲೇ ಅಲ್ಲಿಯವರ ಜೊತೆ ಮಾತು ಬೆಳೆಸಿಕೊಂಡರೆ ಮೊದಲ ಚಳಿಗಾಲ ಹಗುರಾಗುತ್ತದೆ. ಹೌದು, ಚಳಿಗಾಲ. ಮೆಲ್ಬರ್ನಿನ ಹಳೆಯ ಮನೆಗಳಲ್ಲಿ ಒಂದೇ ಗಾಜಿನ ಕಿಟಕಿ, ತೆಳುಗೋಡೆ. ಬ್ರಿಟನ್ನಿನ ರೇಡಿಯೇಟರಿಗೆ ಒಗ್ಗಿದವರು ಜುಲೈನಲ್ಲಿ ಮನೆಯೊಳಗೇ ನಡುಗುತ್ತಾರೆ. ಯುಗಾದಿ ಶರತ್ಕಾಲಕ್ಕೆ, ದೀಪಾವಳಿ ವಸಂತಕ್ಕೆ ಬರುತ್ತದೆ. ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾಗಳಲ್ಲಿ ಮನೆಯಲ್ಲಿ ಪಟಾಕಿ ಹೊಡೆಯುವಂತಿಲ್ಲ, ಕಾಡ್ಗಿಚ್ಚಿನ ನಾಡಿನಲ್ಲಿ ಅದು ಸರಿಯಾದದ್ದೇ.

ಅಪ್ಪ ಅಮ್ಮನ ವಿಷಯ ಕೊನೆಗಿಟ್ಟುಕೊಂಡೆ, ಎಲ್ಲರೂ ಕೊನೆಗೇ ಇಟ್ಟುಕೊಳ್ಳುವ ಹಾಗೆ. ಅದನ್ನು ಮೊದಲೇ ಮಾತಾಡಬೇಕಿತ್ತು. ಬ್ರಿಟನ್ನಿಗೆ ತಂದೆತಾಯಿಯನ್ನು ಖಾಯಂ ಕರೆಸಿಕೊಳ್ಳುವುದು 2012ರ ನಿಯಮದ ನಂತರ ಬಹುಮಟ್ಟಿಗೆ ಅಸಾಧ್ಯ. ಆಸ್ಟ್ರೇಲಿಯಾದಲ್ಲಿ ದಾರಿಯಿದೆ, ಉದ್ದವಾಗಿದೆ. ಹಣ ಕಟ್ಟಿ ಪಡೆಯುವ 143 ವೀಸಾಕ್ಕೆ ತಲೆಗೆ ಸುಮಾರು 48,000 ಡಾಲರ್, ಕಾಯುವ ಸಾಲು ಹತ್ತು ವರ್ಷ ದಾಟಿದೆ. ಹಣ ಕಡಿಮೆಯ ದಾರಿಯಲ್ಲಿ ಮೂವತ್ತು ವರ್ಷದ ಮೇಲೆ. ಅದಕ್ಕೂ ಮೊದಲು ಮಕ್ಕಳ ಲೆಕ್ಕವಿದೆ: ಇರುವ ಮಕ್ಕಳಲ್ಲಿ ಅರ್ಧದಷ್ಟಾದರೂ ಆಸ್ಟ್ರೇಲಿಯಾದಲ್ಲಿ ನೆಲೆಸಿರಬೇಕು, ಇಲ್ಲವೇ ಬೇರೆ ಯಾವ ಒಂದು ದೇಶಕ್ಕಿಂತ ಅಲ್ಲಿ ಹೆಚ್ಚು ಮಕ್ಕಳಿರಬೇಕು. ಅಣ್ಣ ಮೈಸೂರಿನಲ್ಲಿ, ತಮ್ಮ ಆಸ್ಟ್ರೇಲಿಯಾದಲ್ಲಿ ಆದರೆ ಸರಿ. ಇಬ್ಬರು ಊರಲ್ಲಿ, ಒಬ್ಬರು ಅಲ್ಲಿ ಆದರೆ ಆಗದು. ಈ ಲೆಕ್ಕದ ಗೊಡವೆಯಿಲ್ಲದ 870 ವೀಸಾದಲ್ಲಿ ಮೂರು ಅಥವಾ ಐದು ವರ್ಷ, ಒಟ್ಟು ಹತ್ತು ವರ್ಷದವರೆಗೆ ಬಂದಿರಬಹುದು, ಖಾಸಗಿ ಆರೋಗ್ಯ ವಿಮೆ ಕಡ್ಡಾಯ. ಇಳಿದ ಮೊದಲ ವರ್ಷದಲ್ಲೇ ಇದನ್ನು ಕೇಳಲು ಬರುವುದಿಲ್ಲ.

ಊರಿಗೆ ದೂರ ಹೆಚ್ಚೇನಲ್ಲ. ಸಿಡ್ನಿಯಿಂದ ಬೆಂಗಳೂರಿಗೆ 2022ರ ಸೆಪ್ಟೆಂಬರ್‌ನಲ್ಲಿ ಕ್ವಾಂಟಾಸ್ ನೇರ ವಿಮಾನ ಶುರುವಾಯಿತು. ವ್ಯತ್ಯಾಸ ಇರುವುದು ಹೊತ್ತಿನಲ್ಲಿ. ಬ್ರಿಟನ್ನಿನಿಂದ ಬೆಂಗಳೂರು ನಾಲ್ಕೂವರೆಯೋ ಐದೂವರೆಯೋ ತಾಸು ಮುಂದೆ, ಸಿಡ್ನಿಯಿಂದ ಅಷ್ಟೇ ತಾಸು ಹಿಂದೆ. ಅಮ್ಮ ರಾತ್ರಿ ಎಂಟಕ್ಕೆ ಊಟ ಮುಗಿಸಿ ಫೋನ್ ಎತ್ತಿಕೊಂಡಾಗ ಬ್ರಿಟನ್ನಿನಲ್ಲಿ ಮಧ್ಯಾಹ್ನ, ಆಫೀಸಿನಿಂದಲೇ ಎರಡು ಮಾತಾಡಬಹುದು. ಸಿಡ್ನಿಯಲ್ಲಿ ಆಗ ನಡುರಾತ್ರಿ ಹನ್ನೆರಡೂವರೆ, ಬೇಸಿಗೆಯಲ್ಲಿ ಒಂದೂವರೆ. ಊರಿನವರು ಮಕ್ಕಳು ಮಲಗಿದ್ದಾರೆ ಎಂದುಕೊಂಡು ಫೋನ್ ಮಾಡದೆ ಸುಮ್ಮನಾಗುತ್ತಾರೆ, ಎದೆನೋವಿನ ಸುದ್ದಿ ಬೆಳಗ್ಗೆ ತಲುಪುತ್ತದೆ. ವಯಸ್ಸಾದವರನ್ನು ಊರಲ್ಲಿ ಬಿಟ್ಟು ಹೊರಡುವವರಿಗೆ ಪರ್ತ್‌ನ ಹೆಸರನ್ನು ನಾನು ಮೊದಲು ಹೇಳುವುದು ಇದಕ್ಕೇ. 491ರ 15 ಅಂಕಕ್ಕೂ ಆ ಊರು ಆಗುತ್ತದೆ, ಗಡಿಯಾರ ಹಿಂದೆಮುಂದೆ ಮಾಡುವ ಪದ್ಧತಿಯೂ ಅಲ್ಲಿಲ್ಲ. ವರ್ಷಪೂರ್ತಿ, ಪರ್ತ್‌ನಲ್ಲಿ ರಾತ್ರಿ ಎಂಟಾದಾಗ ಬೆಂಗಳೂರಿನಲ್ಲಿ ಸಂಜೆ ಐದೂವರೆ.